ಬಿಸಿನೀರಿನ ಗೀಸರ್: ಜೋಡಣೆಯಲ್ಲಿದೆ ಜೋಪಾನ

ಗೀಸರ್ ಬಗ್ಗೆ ಬರೆಯಲು ವೈದ್ಯನಿಗೇನು ಕೆಲಸ, ಅದು ಪ್ಲಂಬರ್‌ಗೂ ಎಲೆಕ್ಟ್ರಿಷಿಯನ್‌ಗೂ ಸೇರಿದ ವಿಷಯವಲ್ಲವೇ ಎಂದು ಓದುಗರು ಕೇಳಬಹುದು. ಮಾತು ನಿಜ. ಆದರೆ ಆ ಕೆಲಸ ಕೆಟ್ಟಾಗ ಅದರ ಫಲ ಬಂದು ಸೇರುವುದು ಆಸ್ಪತ್ರೆಗೇ. ಬೆನ್ನು ಬೆಂದ ಮಗು, ಕೈಗೆ ಶಾಕ್ ಹೊಡೆದು ಬಿದ್ದ ಗೃಹಿಣಿ, ಸ್ನಾನಕ್ಕೆ ಹೋಗಿ ಬಾಗಿಲು ತೆರೆಯದ ಯುವಕ, ಇವರೆಲ್ಲರ ಕಥೆಯೂ ಬಚ್ಚಲುಮನೆಯ ಗೋಡೆಯ ಮೇಲಿನ ಒಂದು ಡಬ್ಬಿಯಿಂದ ಶುರುವಾಗಬಹುದು. ಹೀಗಾಗಿ ಈ ವಾರ ಔಷಧಿಯ ಮಾತನ್ನು ಬದಿಗಿಟ್ಟು, ಬಿಸಿನೀರಿನ ಮಾತಾಡೋಣ.

ನಮ್ಮ ವಕ್ಕಲೇರಿ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ಮನೆಮನೆಯಲ್ಲೂ ಬಚ್ಚಲಿನಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆಯ ಒಲೆ ಇರುತ್ತಿತ್ತು. ಹಂಡೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆ ಹೊಗೆಯನ್ನು ಬೆಳಗಿನಿಂದ ಕುಡಿದ ಎಷ್ಟೋ ತಾಯಂದಿರು ವಯಸ್ಸಾದ ಮೇಲೆ ಕೆಮ್ಮು, ಉಬ್ಬಸದಿಂದ ನರಳುವುದನ್ನು ವೈದ್ಯರಾದವರು ಬಲ್ಲರು. ಆದರೆ ಹಂಡೆಗೆ ಒಂದು ಗುಣವಿತ್ತು: ಅದರ ಬಾಯಿ ತೆರೆದಿರುತ್ತಿತ್ತು. ನೀರು ಕುದಿದರೆ ಆವಿ ಮೇಲಕ್ಕೆ ಹೋಗುತ್ತಿತ್ತು, ಅಷ್ಟೆ. ಗೀಸರ್ ಹಾಗಲ್ಲ. ಅದು ಬಾಯಿ ಮುಚ್ಚಿದ ಹಂಡೆ. ಆ ಬಾಯಿಯ ಕೆಲಸವನ್ನು ಒಂದು ಸಣ್ಣ ವಾಲ್ವ್ ಮಾಡಬೇಕು. ಗೀಸರ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿ, ನಕ್ಷತ್ರಗಳನ್ನು ಎಣಿಸಿ, ಬಣ್ಣ ನೋಡಿ ಆರಿಸುವ ನಾವು, ಅದನ್ನು ಗೋಡೆಗೆ ಕೂರಿಸುವ ದಿನ ಮಾತ್ರ ‘ಬೇಗ ಮುಗಿಸಪ್ಪಾ’ ಎಂದುಬಿಡುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅಪಾಯ ಹುಟ್ಟುವುದು ಅಲ್ಲಿಯೇ.

ತೊಟ್ಟಿಕ್ಕುವ ವಾಲ್ವ್ ಕೆಟ್ಟಿಲ್ಲ

ನೀರು ಕಾದರೆ ಹಿಗ್ಗುತ್ತದೆ ಎಂಬುದನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. 25 ಲೀಟರಿನ ಗೀಸರ್‌ನಲ್ಲಿ 25 ಡಿಗ್ರಿಯ ನೀರು 65 ಡಿಗ್ರಿಗೆ ಕಾದಾಗ ಅದು ಸುಮಾರು 400 ಮಿಲಿಲೀಟರಿನಷ್ಟು, ಅಂದರೆ ಎರಡು ಲೋಟದಷ್ಟು ಹೆಚ್ಚುತ್ತದೆ. ಈ ಎರಡು ಲೋಟ ನೀರು ಎಲ್ಲಿಗೆ ಹೋಗಬೇಕು? ನಲ್ಲಿ ಮುಚ್ಚಿದೆ, ತಣ್ಣೀರು ಒಳಬರುವ ದಾರಿಯಲ್ಲಿ ಹಿಂದಕ್ಕೆ ಹೋಗದಂತೆ ತಡೆ ಇದೆ. ಆಗ ಒಳಗಿನ ಒತ್ತಡ ಏರುತ್ತದೆ. ಅದನ್ನು ಹೊರಬಿಡಲೆಂದೇ ತಣ್ಣೀರಿನ ದಾರಿಯಲ್ಲಿ ಗೀಸರ್‌ಗೆ ಅಂಟಿಕೊಂಡಂತೆ ಸುರಕ್ಷಾ ವಾಲ್ವ್ ಒಂದನ್ನು ಕೂರಿಸುತ್ತಾರೆ. ನೀರು ಕಾಯುತ್ತಿರುವಾಗ ಅದರ ಪಕ್ಕದ ಸಣ್ಣ ತೂತಿನಿಂದ ಹನಿಹನಿಯಾಗಿ ನೀರು ಬೀಳುವುದುಂಟು. ಅದು ವಾಲ್ವ್ ಕೆಟ್ಟ ಲಕ್ಷಣವಲ್ಲ, ಕೆಲಸ ಮಾಡುತ್ತಿರುವ ಲಕ್ಷಣ.

ಆದರೆ ನಮ್ಮ ಜನಕ್ಕೆ ಸೋರುವ ನೀರನ್ನು ಕಂಡರೆ ಆಗದು. ಬರಗಾಲದ ಜಿಲ್ಲೆಯವರಿಗೆ ಅದು ಸಹಜವೇ. ‘ಹನಿ ಬೀಳುತ್ತಿದೆ, ನಿಲ್ಲಿಸಿಕೊಡು’ ಎಂದು ಕೇಳುತ್ತಾರೆ. ಕೆಲಸದವನು ಆ ತೂತಿಗೆ ಬಿರಡೆಯನ್ನೋ ಎಂ-ಸೀಲನ್ನೋ ಹಾಕಿ ಮೆತ್ತಿ, ಮನೆಯವರನ್ನು ಸಂತೋಷಪಡಿಸಿ ಹೋಗುತ್ತಾನೆ. ಇನ್ನೂ ಕೆಲವೆಡೆ ಆ ವಾಲ್ವನ್ನೇ ತೆಗೆದು ಬರೀ ನಿಪ್ಪಲ್ ಹಾಕಿರುತ್ತಾರೆ. ಕುಕ್ಕರ್‌ನ ವಿಶಲ್ ಮೇಲೆ ಕಲ್ಲು ಹೇರಿ ಒಲೆ ಉರಿಸುವ ಗೃಹಿಣಿ ಯಾರಾದರೂ ಇದ್ದಾರೆಯೇ? ವಾಲ್ವ್‌ಗೆ ಬಿರಡೆ ಹಾಕುವುದು ಅದೇ ಕೆಲಸ.

ಗೀಸರ್‌ನಲ್ಲಿ ಥರ್ಮೋಸ್ಟಾಟ್ ಇರುತ್ತದೆ, ಅದು ಬಿಸಿ ಹೆಚ್ಚಾದಾಗ ಕರೆಂಟು ನಿಲ್ಲಿಸುತ್ತದೆ. ಅದು ಕೈಕೊಟ್ಟರೆ ಕಟ್‌ಔಟ್ ಎಂಬ ಎರಡನೆಯ ಕಾವಲುಗಾರ. ಅದೂ ಕೈಕೊಟ್ಟರೆ ಉಳಿಯುವುದು ಈ ವಾಲ್ವ್ ಮಾತ್ರ. ಮೂರೂ ಇಲ್ಲದ ದಿನ ನೀರು ಒತ್ತಡದ ಕೆಳಗೆ 100 ಡಿಗ್ರಿಯನ್ನು ದಾಟಿಯೂ ಆವಿಯಾಗದೆ ಕಾಯುತ್ತಲೇ ಇರುತ್ತದೆ. ಕುಕ್ಕರ್‌ನೊಳಗೆ ನೀರು ಸುಮಾರು 120 ಡಿಗ್ರಿಗೆ ಕುದಿಯುವುದೂ ಇದೇ ಕಾರಣಕ್ಕೆ. ಆ ಸ್ಥಿತಿಯಲ್ಲಿ ಟ್ಯಾಂಕ್ ಸೀಳಿದರೆ ನೀರಿನ ಒಂದು ಭಾಗ ಕ್ಷಣದಲ್ಲಿ ಆವಿಯಾಗುತ್ತದೆ. ನೀರು ಆವಿಯಾದಾಗ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಗೀಸರ್ ಸಿಡಿದು ಗೋಡೆ ಬಿತ್ತು, ಸೂರು ಹಾರಿತು ಎಂಬ ಸುದ್ದಿಗಳ ಹಿಂದಿನ ಲೆಕ್ಕ ಇದು.

ಆದ್ದರಿಂದ ವಾಲ್ವಿನ ತೂತಿಗೆ ಒಂದು ತೆಳು ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಚ್ಚಲಿನ ಹರಿವಿನ ಕಡೆ ತೆರೆದೇ ಬಿಡಿ. ನೀರು ಹಾಳಾಗುವುದೆಂಬ ಸಂಕಟವಿದ್ದರೆ ಕೆಳಗೆ ಒಂದು ಬಕೆಟ್ ಇಡಿ. ವಾಲ್ವಿಗೂ ಗೀಸರ್‌ಗೂ ನಡುವೆ ಬೇರೆ ಯಾವ ನಲ್ಲಿಯೂ ಇರಕೂಡದು. ವಾಲ್ವಿಗೆ ಸಣ್ಣ ಹಿಡಿಯಿದ್ದರೆ ತಿಂಗಳಿಗೊಮ್ಮೆ ಎತ್ತಿ, ನೀರು ಬರುತ್ತದೆಯೇ ನೋಡಿ. ಆಗ ಬಿಸಿನೀರು ಸಿಡಿಯಬಹುದಾದ್ದರಿಂದ ಗೀಸರ್ ಆರಿ ತಣ್ಣಗಿರುವಾಗ ನೋಡುವುದು ಮೇಲು.

ಬೇಳೆ ಬೇಯದ ನೀರು

ನಮ್ಮ ಜಿಲ್ಲೆಯ ವಿಷಯದಲ್ಲಿ ಇನ್ನೊಂದು ಮಾತುಂಟು. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಬಹಳ ಕಾಲವಾಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆಯಾದರೂ ಆಳದ ಬೋರ್‌ವೆಲ್ ನೀರು ಗಡಸೇ. ಸೋಪು ನೊರೆ ಬಾರದಿದ್ದರೆ, ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದರೆ, ಪಾತ್ರೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟಿದರೆ ನಿಮ್ಮ ನೀರು ಗಡಸೆಂದೇ ತಿಳಿಯಿರಿ.

ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣ ಗೀಸರ್‌ನೊಳಗೂ ಕಟ್ಟುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನೀರನ್ನು ಕಾಯಿಸುವ ಕಾಯಿಲ್‌ನ ಮೇಲೆ ಸುಣ್ಣ ದಪ್ಪವಾದಂತೆಲ್ಲ ಶಾಖ ನೀರಿಗೆ ದಾಟದೆ ಕಾಯಿಲ್ ಅತಿಯಾಗಿ ಕಾಯುತ್ತದೆ. ಕೊನೆಗೊಂದು ದಿನ ಅದರ ಹೊದಿಕೆ ಬಿರಿದು ಕರೆಂಟು ನೀರಿಗೆ ಸೇರುತ್ತದೆ. ಇದೇ ಸುಣ್ಣ ಸುರಕ್ಷಾ ವಾಲ್ವಿನ ಸ್ಪ್ರಿಂಗಿನಲ್ಲೂ ಕಟ್ಟಿ, ಬಿರಡೆ ಹಾಕದೆಯೇ ಅದನ್ನು ಮುಚ್ಚಿಬಿಡಬಲ್ಲದು. ಸಿಹಿನೀರಿನ ಊರಿನವರು ಎರಡು ಮೂರು ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ನೋಡಿದರೆ ಸಾಕಾಗಬಹುದು. ನಮ್ಮಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ, ಸುಣ್ಣ ತೆಗೆಸಿ, ಒಳಗೆ ತುಕ್ಕನ್ನು ತಾನು ತಿಂದು ಟ್ಯಾಂಕನ್ನು ಉಳಿಸುವ ಮೆಗ್ನೀಸಿಯಂ ಸರಳು ಸವೆದಿದ್ದರೆ ಬದಲಿಸಬೇಕು. ಚಳಿ ಶುರುವಾಗುವ ಮುನ್ನ, ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗುತ್ತಿದ್ದ ಪದ್ಧತಿಯನ್ನು ಗೀಸರ್‌ಗೂ ಮುಂದುವರಿಸಿದರೆ ಮರೆಯುವ ಪ್ರಶ್ನೆಯೇ ಇಲ್ಲ.

ನೀರಿನ ಅಭಾವದಿಂದ ಬರುವ ತೊಂದರೆ ಇನ್ನೊಂದು. ಟ್ಯಾಂಕರ್ ಬಾರದೆ ಮೇಲಿನ ತೊಟ್ಟಿ ಬರಿದಾಗಿರುವಾಗ, ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಇಲ್ಲದಿದ್ದರೆ, ಕೆಳಗಿನ ತಣ್ಣೀರಿನ ನಲ್ಲಿಯಿಂದ ಗೀಸರ್‌ನೊಳಗಿನ ನೀರೂ ಇಳಿದುಹೋಗಬಹುದು. ಆಮೇಲೆ ಸ್ವಿಚ್ ಹಾಕಿದರೆ ಬರೀ ಕಾಯಿಲ್ ಉರಿಯುತ್ತದೆ. ಹೊಸದಾಗಿ ಕೂರಿಸಿದಾಗಲೂ, ತೊಟ್ಟಿ ಬರಿದಾಗಿ ತುಂಬಿದಾಗಲೂ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ, ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಸಮನೆ ಹರಿದ ಮೇಲೆಯೇ ಸ್ವಿಚ್ಚಿಗೆ ಕೈಹಾಕಿ.

ಪೈಪು ಮತ್ತು ಗೋಡೆ

ಬಿಸಿನೀರಿಗೆ ಸಾಧಾರಣ ಬಿಳಿ ಪಿ.ವಿ.ಸಿ. ಪೈಪು ಆಗದು, ಶಾಖಕ್ಕೆ ಮೆತ್ತಗಾಗಿ, ಕೀಲು ಬಿಟ್ಟು, ಸುಡುನೀರು ಮೈಮೇಲೆ ಚಿಮ್ಮುತ್ತದೆ. ಬಿಸಿನೀರಿಗೆಂದೇ ತಯಾರಾದ ಸಿ.ಪಿ.ವಿ.ಸಿ. ಪೈಪನ್ನೇ ಹಾಕಿಸಿ. ತಣ್ಣೀರು ಒಳಹೋಗುವ ಬಾಯಿಗೆ ನೀಲಿ, ಬಿಸಿನೀರು ಹೊರಬರುವ ಬಾಯಿಗೆ ಕೆಂಪು ಗುರುತಿರುತ್ತದೆ. ಅದಲುಬದಲಾದರೆ ಸರಿಯಾಗಿ ನೀರೂ ಕಾಯದು, ಸುರಕ್ಷತೆಯೂ ಇರದು. ರಿಪೇರಿಗೆ ನೀರು ನಿಲ್ಲಿಸುವ ಗೇಟ್ ವಾಲ್ವ್ ಸುರಕ್ಷಾ ವಾಲ್ವಿನ ಹಿಂದೆ, ತಣ್ಣೀರಿನ ಬದಿಯಲ್ಲಿರಲಿ.

ಒತ್ತಡದ ಲೆಕ್ಕವನ್ನೂ ಕೇಳಿ ತಿಳಿಯಬೇಕು. ತೊಟ್ಟಿ ಗೀಸರ್‌ಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಸುಮಾರು 1 ಬಾರ್. ನಮ್ಮ ಒಂದಂತಸ್ತಿನ ಮನೆಗಳಲ್ಲಿ ಇದು ಅಷ್ಟೂ ಇರುವುದಿಲ್ಲ. ಆದರೆ ಬೆಂಗಳೂರಿನ ಬಹುಮಹಡಿ ಕಟ್ಟಡಗಳಲ್ಲೂ, ಪ್ರೆಷರ್ ಪಂಪ್ ಇರುವ ಮನೆಗಳಲ್ಲೂ ಇದು ಹಲವು ಪಟ್ಟು ಹೆಚ್ಚು. ಗೀಸರ್ ಎಷ್ಟು ಬಾರ್‌ಗೆ ತಾಳುತ್ತದೆಂದು ಅದರ ಮೇಲೆಯೇ ಬರೆದಿರುತ್ತದೆ. ಹಳ್ಳಿಯ ಮನೆಯ ಹಳೆ ಗೀಸರನ್ನು ಮಗನ ಫ್ಲ್ಯಾಟಿಗೆ ಒಯ್ಯುವ ಮುಂಚೆ ಅದನ್ನು ಓದಬೇಕು. ಇನ್ನು 25 ಲೀಟರಿನ ಗೀಸರ್ ತುಂಬಿದಾಗ ನೀರೇ 25 ಕಿಲೋ ತೂಗುತ್ತದೆ. ಮಣ್ಣಿನ ಗಾರೆಯ ಹಳೆಯ ಗೋಡೆಗೆ ಬರೀ ಮೊಳೆ ನೆಚ್ಚಿ ನೇತುಹಾಕುವುದು ತಲೆಯ ಮೇಲೆ ಕಲ್ಲು ಕಟ್ಟಿಕೊಂಡಂತೆಯೇ.

ಬೇಸಿಗೆಯಲ್ಲಿ ಒಣಗುವ ಅರ್ಥಿಂಗ್

ಒಣಗಿದ ಚರ್ಮ ಕರೆಂಟನ್ನು ಸಾಕಷ್ಟು ತಡೆಯುತ್ತದೆ. ಒದ್ದೆ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ ಮನೆಯ 230 ವೋಲ್ಟ್ ಮೈಯಲ್ಲಿ 230 ಮಿಲಿ ಆಂಪಿಯರ್ ಹರಿಸಬಲ್ಲದು. ಹೃದಯದ ಬಡಿತ ತಾಳ ತಪ್ಪಲು 100 ಮಿಲಿ ಆಂಪಿಯರ್ ಕೂಡ ಸಾಕು. ಬಚ್ಚಲುಮನೆಯ ಶಾಕ್ ಇತರ ಕೋಣೆಗಳ ಶಾಕಿಗಿಂತ ಏಕೆ ಭಯಂಕರವೆಂಬುದಕ್ಕೆ ಇದೇ ಉತ್ತರ.

ಹಿಂದಿನ ಕಬ್ಬಿಣದ ಪೈಪುಗಳು ತಾವಾಗಿಯೇ ಸ್ವಲ್ಪ ಕರೆಂಟನ್ನು ನೆಲಕ್ಕೆ ಒಯ್ಯುತ್ತಿದ್ದವು. ಅದನ್ನು ನಂಬುವುದು ಆಗಲೂ ತಪ್ಪೇ ಆಗಿತ್ತು. ಈಗಂತೂ ಪೈಪುಗಳೆಲ್ಲ ಪ್ಲಾಸ್ಟಿಕ್, ಆ ದಾರಿಯೇ ಇಲ್ಲ. ಉಳಿದದ್ದು ಅರ್ಥಿಂಗ್. ಪ್ಲಗ್ಗಿನಲ್ಲಿ ಮೂರನೆಯ ದಪ್ಪ ಪಿನ್ನು ಇದ್ದ ಮಾತ್ರಕ್ಕೆ ಮನೆಯಲ್ಲಿ ಅರ್ಥಿಂಗ್ ಇದೆಯೆಂದಲ್ಲ. ನಮ್ಮ ಸೀಮೆಯಲ್ಲಿ ಫೆಬ್ರವರಿ ದಾಟಿದರೆ ನೆಲ ಒಣಗಿ ಬಿರುಕು ಬಿಡುತ್ತದೆ. ಒಣ ಮಣ್ಣು ಕರೆಂಟನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಅರ್ಥ್ ಗುಂಡಿ ಆಳವಾಗಿರಬೇಕು, ಇದ್ದಲು ಮತ್ತು ಉಪ್ಪು ಹಾಕಿರಬೇಕು, ಬೇಸಿಗೆಯಲ್ಲಿ ಅದಕ್ಕೆ ನೀರು ಎರೆಯುತ್ತಿರಬೇಕು. ತುಳಸಿಕಟ್ಟೆಗೆ ನೀರು ಹಾಕುವಾಗ ಅರ್ಥ್ ಗುಂಡಿಗೂ ಒಂದು ಚೊಂಬು ಹಾಕಿದರೆ ಆಯಿತು. ಗುಂಡಿ ಸರಿಯಿದೆಯೇ ಎಂದು ಉಪಕರಣ ಹಚ್ಚಿ ಅಳೆಯುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ.

ಅರ್ಥಿಂಗ್ ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನ ಇರಲೇಬೇಕೆಂಬುದು ನನ್ನ ಒತ್ತಾಯ. ಕರೆಂಟು ಹೋದ ದಾರಿಯಲ್ಲೇ ಹಿಂದಿರುಗದೆ ಬೇರೆಲ್ಲೋ ಸೋರಿದರೆ, ಅದು ಕಣ್ಣೆವೆ ಮುಚ್ಚುವಷ್ಟರಲ್ಲಿ ಸರಬರಾಜನ್ನೇ ಕಡಿದುಹಾಕುತ್ತದೆ. ಸಾಮಾನ್ಯ ಎಂ.ಸಿ.ಬಿ. ಈ ಕೆಲಸ ಮಾಡದು. ಅದು ತಂತಿಯನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಮನುಷ್ಯನನ್ನು ಕಾಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುವುದರಿಂದ 16 ಆಂಪಿಯರಿನ ಪ್ಲಗ್ಗೂ ದಪ್ಪ ತಾಮ್ರದ ತಂತಿಯೂ ಬೇಕು. ಸ್ವಿಚ್ ಬಚ್ಚಲುಮನೆಯ ಹೊರಗಿರಲಿ. ಸ್ವಿಚ್ ಆರಿಸಿದ ನಂತರವೇ ಸ್ನಾನಕ್ಕಿಳಿಯುವ ಅಭ್ಯಾಸ ಮಕ್ಕಳಿಂದಲೇ ಬರಲಿ.

ಮೊದಲು ತಣ್ಣೀರು, ಆಮೇಲೆ ಬಿಸಿನೀರು

60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಐದಾರು ಸೆಕೆಂಡು ಸಾಕು. 50 ಡಿಗ್ರಿಯಾದರೆ ಐದು ನಿಮಿಷದಷ್ಟು ಬೇಕು. ಮಕ್ಕಳ ಚರ್ಮ ತೆಳುವಾದ್ದರಿಂದ ಇನ್ನೂ ಬೇಗ ಬೇಯುತ್ತದೆ. ಹಾಗಾದರೆ ಗೀಸರನ್ನೇ 50ಕ್ಕೆ ಇಟ್ಟರಾಯಿತಲ್ಲ ಎನ್ನಬಹುದು. ನಿಂತ ಉಗುರುಬೆಚ್ಚನೆಯ ನೀರಿನಲ್ಲಿ ಲೀಜಿಯೊನೆಲ್ಲ ಎಂಬ, ನ್ಯುಮೋನಿಯಾ ತರುವ ರೋಗಾಣು ಬೆಳೆಯುತ್ತದೆ. 60 ಡಿಗ್ರಿಯಲ್ಲಿ ಅದು ಸಾಯುತ್ತದೆ. ಆದ್ದರಿಂದ ಗೀಸರಿನಲ್ಲಿ 60 ಇರಲಿ, ಬಕೆಟ್ಟಿನಲ್ಲಿ ಮಾತ್ರ ಹದವಾಗಿರಲಿ. ಬಕೆಟ್ಟಿಗೆ ಯಾವಾಗಲೂ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ತುಂಬುತ್ತಿರುವ ಬಕೆಟ್ ಬಳಿ ಮಗುವನ್ನು ಒಂಟಿಯಾಗಿ ಬಿಡಬೇಡಿ.

ಸೋಲಾರ್ ಇರುವ ಮನೆಯವರೂ ಎಚ್ಚರದಿಂದಿರಬೇಕು. ಬಿಸಿಲು ಚೆನ್ನಾಗಿದ್ದು ನೀರು ಖರ್ಚಾಗದ ದಿನ ಅದು 60 ಡಿಗ್ರಿಯನ್ನು ಸುಲಭವಾಗಿ ಮೀರುತ್ತದೆ. ಅದಕ್ಕೆ ಥರ್ಮೋಸ್ಟಾಟ್ ಇಲ್ಲ. ಅದರ ಗಾಳಿ ಕೊಳವೆಯನ್ನು ಮುಚ್ಚುವುದು ಗೀಸರ್ ವಾಲ್ವಿಗೆ ಬಿರಡೆ ಹಾಕಿದಷ್ಟೇ ಅಪಾಯ.

ಸಕ್ಕರೆ ಕಾಯಿಲೆಯ ಹಿರಿಯರಿಗೆ ಒಂದು ವಿಶೇಷ ಮಾತು. ನರ ದುರ್ಬಲವಾದ ಪಾದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಅಂಥವರ ನೀರನ್ನು ಮನೆಯ ಇನ್ನೊಬ್ಬರು ಮೊಣಕೈ ಅದ್ದಿ ನೋಡಬೇಕು.

ಒಂದು ವೇಳೆ ಸುಟ್ಟರೆ, ಬಟ್ಟೆ, ಬಳೆ, ಉಡುದಾರ ಬೇಗ ಸಡಿಲಿಸಿ, ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಇಂಕು, ಕಾಫಿಪುಡಿ, ಬೆಣ್ಣೆ ಯಾವುದೂ ಬೇಡ. ಶುದ್ಧ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆತನ್ನಿ. ಮಗುವಿನ ಗಾಯ, ಮುಖ, ಕೈ, ಮರ್ಮಾಂಗದ ಗಾಯ ಸಣ್ಣದೆಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಬಾಗಿಲು ಹಾಕಿದ ಬಚ್ಚಲಲ್ಲಿ ಗ್ಯಾಸ್ ಗೀಸರ್

ಎಲ್ಲಕ್ಕಿಂತ ಕಠಿಣವಾಗಿ ನಾನು ಹೇಳಬೇಕಾದದ್ದು ಗ್ಯಾಸ್ ಗೀಸರ್ ಬಗ್ಗೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಭಾಗದಲ್ಲಿ ಒಂದು ಯುವ ಜೋಡಿ, 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಇಬ್ಬರು ಯುವತಿಯರು ಸ್ನಾನದ ಮನೆಯಲ್ಲಿ ಪ್ರಾಣ ಬಿಟ್ಟದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಎರಡೂ ಕಡೆ ಬೆರಳು ತೋರಿಸಿದ್ದು ಗ್ಯಾಸ್ ಗೀಸರಿನತ್ತ.

ಗ್ಯಾಸ್ ಉರಿಯಲು ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಗಾಳಿ ಸಾಲದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವುದು ಗ್ಯಾಸಿಗೆ ಬೆರೆಸಿದ ವಾಸನೆ. ಈ ವಿಷಕ್ಕೆ ಅಂಥ ಯಾವ ಸೂಚನೆಯೂ ಇಲ್ಲ. ಆಮ್ಲಜನಕ ರಕ್ತಕ್ಕೆ ಅಂಟುವುದಕ್ಕಿಂತ 200 ಪಟ್ಟಿಗೂ ಮಿಕ್ಕಿ ಇದು ಅಂಟುತ್ತದೆ. ತಲೆನೋವು, ವಾಕರಿಕೆ, ಕಣ್ಣು ಕತ್ತಲೆ, ಕಾಲಿನ ಶಕ್ತಿ ಹೋಗುವುದು. ಚಿಲಕ ತೆಗೆಯಬೇಕೆಂದು ಹೊಳೆಯುವಷ್ಟರಲ್ಲಿ ಕೈ ಎತ್ತಲಾಗದು.

ನಮ್ಮಲ್ಲಿ ಬಾಣಂತಿಗೂ ಕೂಸಿಗೂ ಗಾಳಿ ಸೋಕಬಾರದೆಂದು ಬಚ್ಚಲಿನ ಕಿಟಕಿಗೆ ಗೋಣಿ ತುರುಕಿ ಬಹಳ ಹೊತ್ತು ಎರೆಯುವ ವಾಡಿಕೆಯುಂಟು. ಹಿರಿಯರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಕೋಣೆಯಲ್ಲೇ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಆ ಕಾಳಜಿಯೇ ಕಂಟಕವಾಗುತ್ತದೆ. ಗ್ಯಾಸ್ ಗೀಸರ್ ಬಚ್ಚಲುಮನೆಯೊಳಗೆ ಇರಲೇಕೂಡದು. ಇರುವುದೇ ಆದರೆ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇಟ್ಟು, ನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಕಿಟಕಿ ಇದೆಯಲ್ಲ ಎಂಬ ಸಮಾಧಾನ ಸಾಲದು. ಚಳಿಗಾಲದಲ್ಲಿ ಆ ಕಿಟಕಿಯನ್ನು ಮುಚ್ಚುವವರೂ ನಾವೇ.

ಯಾರಾದರೂ ಹೀಗೆ ಬಿದ್ದರೆ ಬಾಗಿಲು ಮುರಿದಾದರೂ ಗಾಳಿಗೆ ಎಳೆತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ ‘98 ಇದೆ, ಚಿಂತೆಯಿಲ್ಲ’ ಎನ್ನಬೇಡಿ. ಆ ಯಂತ್ರಕ್ಕೆ ಈ ವಿಷವೂ ಆಮ್ಲಜನಕದಂತೆಯೇ ಕಾಣುತ್ತದೆ. ಗ್ಯಾಸ್ ಗೀಸರ್ ಇತ್ತೆಂದು ವೈದ್ಯರಿಗೆ ತಪ್ಪದೆ ತಿಳಿಸಿ; ಆಮ್ಲಜನಕವೇ ಅಲ್ಲಿ ಔಷಧಿ.

ಹೊಣೆ ಯಾರದು?

ಪ್ಲಂಬರ್ ಕೇಳಿದರೆ ಕರೆಂಟಿನ ಕೆಲಸ ನನ್ನದಲ್ಲ ಎನ್ನುತ್ತಾನೆ. ಎಲೆಕ್ಟ್ರಿಷಿಯನ್ ಕೇಳಿದರೆ ನೀರಿನ ವಾಲ್ವ್ ನನ್ನದಲ್ಲ ಎನ್ನುತ್ತಾನೆ. ಅಂಗಡಿಯವನ ಮಾತು ಮಾರಾಟಕ್ಕೆ ಮುಗಿಯಿತು. ಬಾಡಿಗೆ ಮನೆಯ ಮಾಲೀಕರು ಗೀಸರ್ ಇದೆಯೆಂದು ಬಾಡಿಗೆ ಹೆಚ್ಚಿಸುತ್ತಾರೆಯೇ ಹೊರತು ಅದರ ಅರ್ಥಿಂಗ್ ನೋಡುವುದಿಲ್ಲ. ಈ ನಾಲ್ವರ ನಡುವಿನ ಸಂದಿಯಲ್ಲಿ ಬೀಳುವವರು ನಮ್ಮ ಮಕ್ಕಳು.

ಬಡ ಕೆಲಸಗಾರನನ್ನು ದೂರುವುದು ನನ್ನ ಉದ್ದೇಶವಲ್ಲ. ಐ.ಟಿ.ಐ. ಮೆಟ್ಟಿಲು ಹತ್ತದೆ ಕಸುಬು ಕಲಿತ ಹುಡುಗನಿಗೆ ಆ ತೂತು ಏಕಿದೆಯೆಂದು ಯಾರೂ ಹೇಳಿಲ್ಲ. ನಾವು ಕೊಡುವ ಕೂಲಿಯಲ್ಲಿ ಅರ್ಧ ಗಂಟೆ ಹೆಚ್ಚು ನಿಲ್ಲಲೂ ಅವನಿಗೆ ಪುರುಸೊತ್ತಿಲ್ಲ. ಬೇಕಾದುದು ಮೂರು. ಗೀಸರ್ ಮಾರುವವರೇ ಜೋಡಣೆಯ ಪಟ್ಟಿಯೊಂದನ್ನು ಕೊಟ್ಟು, ವಾಲ್ವ್, ಅರ್ಥಿಂಗ್, ಆರ್.ಸಿ.ಸಿ.ಬಿ. ನೋಡಿದ್ದೇವೆಂದು ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಇಬ್ಬರ ಸಹಿ ಹಾಕಿಸಬೇಕು. ಬಾಡಿಗೆ ಕರಾರಿನಲ್ಲಿ ಗೀಸರ್ ತಪಾಸಣೆಯ ಹೊಣೆ ಮಾಲೀಕರದೆಂದು ಬರೆಯಬೇಕು. ಮನೆಯ ಯಜಮಾನರೋ ಯಜಮಾನಿತಿಯೋ ಕೂರಿಸುವ ಹೊತ್ತು ಪಕ್ಕದಲ್ಲಿ ನಿಂತು, ‘ನೀರು ಹಿಗ್ಗಿದರೆ ಎಲ್ಲಿಗೆ ಹೋಗುತ್ತದೆ? ಕರೆಂಟು ಸೋರಿದರೆ ಯಾವುದು ಕಡಿಯುತ್ತದೆ?’ ಎಂಬ ಎರಡು ಪ್ರಶ್ನೆ ಕೇಳಬೇಕು. ಉತ್ತರ ಬಾರದಿದ್ದರೆ ಆ ದಿನ ಸ್ವಿಚ್ ಹಾಕಬೇಡಿ.

ಇದಕ್ಕೆಲ್ಲ ಖರ್ಚಾಗುತ್ತದೆ, ನಿಜ. ಆದರೆ ವಾಲ್ವ್‌ನ ಬೆಲೆ, ಆರ್.ಸಿ.ಸಿ.ಬಿ.ಯ ಬೆಲೆ ಎರಡನ್ನೂ ಕೂಡಿಸಿದರೂ ಸುಟ್ಟಗಾಯದ ವಾರ್ಡಿನಲ್ಲಿ ಕೆಲವು ದಿನ ಇರುವ ಖರ್ಚಿಗೆ ಸಮನಾಗದು. ಆ ವಾರ್ಡಿನಿಂದ ಮರಳದವರ ಬೆಲೆಯನ್ನಂತೂ ಯಾರೂ ಕಟ್ಟಲಾರರು. ನಾಳೆ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುನ್ನ ಗೀಸರಿನ ಕೆಳಭಾಗವನ್ನು ಒಮ್ಮೆ ತಲೆಯೆತ್ತಿ ನೋಡಿ. ವಾಲ್ವಿನ ತೂತಿಗೆ ಬಿರಡೆ ಬಿದ್ದಿದ್ದರೆ ಸ್ವಿಚ್ ಆರಿಸಿ, ಪ್ಲಂಬರನ್ನು ಕರೆಸಿ. ಅವನು ಬರುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಂಡರೂ ಆದೀತು.